ಹೆಂಡದಂಗಡಿಯಲ್ಲೇ ನಡೆದ ಉಪದೇಶ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವವನೊಬ್ಬ ಶರಣನಾದ. ಹೆಂಡದ ಮಾರಯ್ಯ ಎಂದೇ ಆತ ಪ್ರಸಿದ್ಧ. ದಾರಿಯ ಬದಿಯಲ್ಲಿ ಗಡಿಗೆ ಇಟ್ಟುಕೊಂಡು ಕೂರುತ್ತಿದ್ದ, ಕುಡಿಯಲು ಬಂದವರಿಗೆ ಅಲ್ಲಿಯೇ ತಿಳಿಹೇಳಿ ಚಟ ಬಿಡಿಸುತ್ತಿದ್ದ ಎಂಬುದು ಶರಣ ಪರಂಪರೆಯಲ್ಲಿ ಬಂದ ಕಥನ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದ ಆತನ ಕೆಲವೇ ವಚನಗಳು ಉಳಿದಿವೆ. ಹೆಂಡ, ಗಡಿಗೆ, ಅಮಲು ಇವೇ ಅಲ್ಲಿಯೂ ಮಾತಿನ ಸಾಮಗ್ರಿ. ಅದೇ ಬಳಗದ ಸೂಳೆ ಸಂಕವ್ವೆಯದು ಒಂದೇ ಒಂದು ವಚನ ಸಿಕ್ಕಿದೆ. ಊರು ಮುಖ ತಿರುಗಿಸುವ ಕಸುಬಿನವರಿಗೂ ಮಾತನಾಡುವ ಹಕ್ಕು ಕೊಟ್ಟ ಊರು ಕಲ್ಯಾಣ.

ಮಾರಯ್ಯನ ಕಥೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕುಡುಕರು ಗುಡಿಗೆ ಬರಲಿ ಎಂದು ಆತ ಕಾಯಲಿಲ್ಲ. ಅವರು ಎಲ್ಲಿ ಸೇರುತ್ತಿದ್ದರೋ ಅಲ್ಲಿಯೇ, ಅವರ ಗುರುತಿನವನಾಗಿಯೇ ಮಾತಿಗೆ ತೊಡಗಿದ. ಎಂಟು ಶತಮಾನಗಳ ನಂತರ ಏಡ್ಸ್ ಎಂಬ ಹೊಸ ರೋಗದ ಎದುರು ನಿಂತ ವೈದ್ಯರು ಮತ್ತು ಮನಃಶಾಸ್ತ್ರಜ್ಞರು ಬಂದು ಮುಟ್ಟಿದ್ದೂ ಹೆಚ್ಚುಕಡಿಮೆ ಇದೇ ಜಾಗಕ್ಕೆ. ಅವರಾರೂ ಮಾರಯ್ಯನ ಹೆಸರು ಕೇಳಿರಲಾರರು, ಆ ಮಾತು ಬೇರೆ.

ಕಲ್ಯಾಣಕ್ಕೆ ಕುಡಿತದ ಬಗ್ಗೆ ಇನ್ನೂ ಎರಡು ಮುಖಗಳಿದ್ದವು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆ ಸ್ಮೃತಿಯ ಪ್ರಕಾರ ದ್ವಿಜರಿಗೆ ಸುರಾಪಾನ ಮಹಾಪಾತಕ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯಾದರೋ ಮದ್ಯಪಾನ ರಾಜನ ಕ್ರೀಡೆಗಳಲ್ಲೊಂದು. ಶಾಸ್ತ್ರಕ್ಕೆ ಪಾತಕ, ಅರಮನೆಗೆ ವಿನೋದ, ಬೀದಿಯಲ್ಲಿ ಮಾರಯ್ಯನ ಗಡಿಗೆ!

ಅದೇ ಸ್ಮೃತಿಯಲ್ಲಿ ಗಂಡು ಗಂಡಿನೊಡನೆ ಕೂಡಿದರೆ ವಿಧಿಸಿರುವುದು 24 ಪಣಗಳ ದಂಡ. ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತ ದಂಡ ಸಂಹಿತೆಯ 377ನೇ ಕಲಮು ಅದಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ಮದ್ಯಕ್ಕೆ ಮಾತ್ರ ಲೈಸೆನ್ಸ್ ಸಿಕ್ಕಿತು, ಸರ್ಕಾರಕ್ಕೆ ಅಬಕಾರಿ ವರಮಾನ ಸಿಕ್ಕಿತು. ಪಾತಕವಾಗಿದ್ದದ್ದು ಆದಾಯವಾಯಿತು, ದಂಡ ತೆತ್ತು ಮುಗಿಯುತ್ತಿದ್ದದ್ದು ಸೆರೆಮನೆಯ ಅಪರಾಧವಾಯಿತು. ನಿಜಾಮನ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಸೀಮೆಗೂ, ಆ ರಾಜ್ಯ ಭಾರತದಲ್ಲಿ ವಿಲೀನವಾದ ಮೇಲೆ, ಅದೇ ಸಂಹಿತೆ ಬಂತು.

ಕುಡಿತ ಮತ್ತು ಸಲಿಂಗಿ ಪುರುಷರ ಬದುಕು ಹೆಣೆದುಕೊಂಡದ್ದು ಹೇಗೆ ಎಂಬುದಕ್ಕೆ ಉತ್ತರ ಹುಡುಕಲು ಅಮೆರಿಕದ ಕಡೆ ನೋಡಬೇಕಾಗುತ್ತದೆ. ಅಲ್ಲಿ ಸಲಿಂಗಿಗಳಿಗೆ ತಮ್ಮಂಥವರನ್ನು ಭೇಟಿಯಾಗಲು ಬಾರುಗಳ ಹೊರತು ಬೇರೆ ತಾಣಗಳು ವಿರಳವಾಗಿದ್ದವು. ಬಾರಿನಲ್ಲಿಯೂ ನೆಮ್ಮದಿ ಇರಲಿಲ್ಲ. ಗಿರಾಕಿ ಸಲಿಂಗಿ ಎಂದು ತಿಳಿದರೆ ಮದ್ಯ ಕೊಡಲು ನ್ಯೂಯಾರ್ಕಿನ ಮಾಲೀಕರು ಲೈಸೆನ್ಸ್ ಹೋದೀತೆಂದು ಹೆದರುತ್ತಿದ್ದರು. 1966ರ ಏಪ್ರಿಲ್‌ನಲ್ಲಿ ಮ್ಯಾಟಶೀನ್ ಸೊಸೈಟಿಯ ಕೆಲವರು ಜೂಲಿಯಸ್ ಎಂಬ ಬಾರಿಗೆ ಹೋಗಿ, ತಾವು ಸಲಿಂಗಿಗಳೆಂದು ಹೇಳಿಯೇ ಪಾನೀಯ ಕೇಳಿ ಪ್ರತಿಭಟಿಸಿದರು. 1969ರ ಜೂನ್‌ನಲ್ಲಿ ಪೊಲೀಸ್ ದಾಳಿಯ ವಿರುದ್ಧ ಜನ ತಿರುಗಿಬಿದ್ದ ಸ್ಟೋನ್‌ವಾಲ್ ಇನ್ ಕೂಡ ಒಂದು ಬಾರು. ಗ್ಲಾಸು ಹಿಡಿಯುವುದೆಂದರೆ ಅವರ ಪಾಲಿಗೆ ಜೊತೆಗಾರರ ನಡುವೆ ಕೂರುವುದೂ ಆಗಿತ್ತು. ಹೀಗಾಗಿ ‘ಕುಡಿಯಬೇಡ’ ಎಂಬ ಉಪದೇಶ ಅವರ ಕಿವಿಗೆ ‘ಗೆಳೆಯರ ಬಳಿ ಹೋಗಬೇಡ’ ಎಂದು ಕೇಳಿಸಿದ್ದರೆ ಆಶ್ಚರ್ಯವಿಲ್ಲ.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ನ್ಯುಮೋನಿಯಾ ಕುರಿತ ವರದಿ ಪ್ರಕಟವಾಯಿತು. ಏಡ್ಸ್ ರೋಗದ ಮೊದಲ ಅಧಿಕೃತ ದಾಖಲೆ ಅದು. ಮುಂದಿನ ವರ್ಷಗಳಲ್ಲಿ ಕುಡಿತ ಮತ್ತು ಸೋಂಕಿನ ನಂಟು ಸ್ಪಷ್ಟವಾಗುತ್ತ ಹೋಯಿತು. ಮದ್ಯದಿಂದ ವೈರಾಣು ಹರಡುವುದಿಲ್ಲ. ಆದರೆ ಅಮಲಿನಲ್ಲಿ ಎಚ್ಚರ ಸಡಿಲಗೊಳ್ಳುತ್ತದೆ, ಜೇಬಿನಲ್ಲಿದ್ದ ಕಾಂಡೋಮ್ ಜೇಬಿನಲ್ಲೇ ಉಳಿಯುತ್ತದೆ, ಬೇಡ ಎನ್ನಬೇಕಾದ ಕಡೆ ಬಾಯಿ ಬರುವುದಿಲ್ಲ. ಹೆದರಿಕೆ, ನಾಚಿಕೆ, ತನ್ನ ಬಗ್ಗೆ ತನಗೇ ಇರುವ ಅಸಹ್ಯವನ್ನು ಮರೆಯಲು ಕುಡಿಯುವವನಿಗೆ ಅಪಾಯ ಇನ್ನೂ ಹತ್ತಿರ.

ಆಗ ಜೆಫ್ರಿ ಕೆಲ್ಲಿ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿ ಎಂಬ ಸಣ್ಣ ಊರಿನಲ್ಲಿ ಒಂದು ಪ್ರಯೋಗ ನಡೆಸಿದರು. ಸಲಿಂಗಿಗಳು ಸೇರುವ ಬಾರುಗಳಲ್ಲಿ ಮದ್ಯ ಸುರಿಯುವ ನೌಕರರಿಗೇ ಅವರು ಒಂದು ಕೆಲಸ ಒಪ್ಪಿಸಿದರು: ಇಲ್ಲಿ ಎಲ್ಲರಿಗೂ ಬೇಕಾದವರು ಯಾರು, ಯಾರನ್ನು ಹೆಚ್ಚು ಜನ ಮಾತನಾಡಿಸುತ್ತಾರೆ ಎಂದು ನೋಡಿ ಹೆಸರು ಬರೆದುಕೊಡಬೇಕು. ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದವರನ್ನು ಕರೆದು ತರಬೇತಿ ಕೊಡಲಾಯಿತು. ಭಾಷಣ ಮಾಡಬೇಕಿರಲಿಲ್ಲ. ಟ್ರಾಫಿಕ್ ಸಿಗ್ನಲ್ ಚಿತ್ರದ ಬ್ಯಾಡ್ಜ್ ಧರಿಸಿ, ‘ಇದೇನು’ ಎಂದು ಕೇಳಿದ ಗೆಳೆಯನೊಂದಿಗೆ ಎಂದಿನಂತೆ ಮಾತನಾಡಿದರೆ ಸಾಕಿತ್ತು. 1991ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಸುರಕ್ಷಿತ ಸಂಭೋಗ ನಡೆಸಿದವರ ಪ್ರಮಾಣ ಸುಮಾರು ಕಾಲುಭಾಗ ಇಳಿದಿತ್ತು.

ಈ ಉಪಾಯ ಮುಂದೆ ಚೆನ್ನೈಗೂ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ನೆರವಿನಿಂದ ಚೀನಾ, ಭಾರತ, ಪೆರು, ರಷ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪರೀಕ್ಷೆ ನಡೆದಾಗ, ಭಾರತದಲ್ಲಿ ಆಯ್ಕೆಯಾದದ್ದು ಚೆನ್ನೈನ ವೈನ್‌ಶಾಪುಗಳು. 2010ರಲ್ಲಿ ಹೊರಬಂದ ಫಲಿತಾಂಶ ನಿರಾಸೆ ತಂದಿತು. ಉಪಾಯ ಬಳಸಿದ ಕಡೆಯಲ್ಲೂ ಬಳಸದ ಕಡೆಯಲ್ಲೂ ಅಪಾಯದ ನಡವಳಿಕೆ ಹೆಚ್ಚುಕಡಿಮೆ ಸಮನಾಗಿ ಇಳಿದಿತ್ತು. ಎರಡೂ ಕಡೆಯ ಜನರಿಗೆ ಪರೀಕ್ಷೆ, ಚಿಕಿತ್ಸೆ, ತಿಳಿವಳಿಕೆ ದೊರೆತದ್ದೇ ಇದಕ್ಕೆ ಕಾರಣವಿರಬಹುದೆಂದು ಹೇಳಲಾಯಿತು. ಆದರೂ ಇದನ್ನು ಬರೀ ಸೋಲು ಎನ್ನುವಂತಿಲ್ಲ. ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ದರೆ ಅದರಿಂದಲೇ ಎಷ್ಟೋ ಕೆಲಸವಾಗುತ್ತದೆ ಎಂಬ ಸೂಚನೆಯೂ ಅದರಲ್ಲಿತ್ತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದೂ ಚೆನ್ನೈನಲ್ಲೇ, 1986ರಲ್ಲಿ. ಕರ್ನಾಟಕದಲ್ಲಿ ಸಲಿಂಗಿಗಳು ಒಂದೆಡೆ ಕೂತು ಮಾತನಾಡಲು 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯು’ ಗುಂಪು ಹುಟ್ಟಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಬಂತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾದ ಮೇಲೆ ಕೆಲಸ ಜಿಲ್ಲೆಗಳಿಗೂ ಹರಡಿತು. ಆದರೆ ಕಾನೂನು ಅಡ್ಡವಿತ್ತು. 2001ರ ಜುಲೈನಲ್ಲಿ ಲಖನೌದಲ್ಲಿ ಏಡ್ಸ್ ತಡೆಯ ಕಾರ್ಯಕರ್ತರನ್ನೇ 377ರ ಅಡಿ ಬಂಧಿಸಿ, ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿಡಲಾಯಿತು. ಕಾಂಡೋಮ್ ಹಂಚುವವನೇ ಅಪರಾಧಿಯಾದರೆ ಅದನ್ನು ತೆಗೆದುಕೊಳ್ಳಲು ಮುಂದೆ ಬರುವವರು ಯಾರು? ಅದೇ ವರ್ಷ ನಾಜ್ ಫೌಂಡೇಷನ್ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. 2009ರಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸಂವಿಧಾನ ಪೀಠ ತೀರ್ಪು ಕೊಟ್ಟಿತು.

ಮದ್ಯದ ವಿಷಯದಲ್ಲಿ ಸರ್ಕಾರಗಳು ತುಳಿದದ್ದು ಬೇರೆ ದಾರಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಆ ಜಾಗಕ್ಕೆ ಬಂತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು ಎಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹುಮನಾಬಾದಿನಂಥ ಊರುಗಳಿಗೆ ಇದು ಸಣ್ಣ ಸುದ್ದಿಯಲ್ಲ. ಮರು ವರ್ಷ ಪುರಸಭೆ ಮಿತಿಯೊಳಗಿನ ಅಂಗಡಿಗಳಿಗೆ ವಿನಾಯಿತಿ ಸಿಕ್ಕಿತು. ಅಂಗಡಿ ಅತ್ತ ಸರಿಯಿತು, ಇತ್ತ ಬಂತು. ಕುಡಿಯುವವನನ್ನು ಕೂರಿಸಿಕೊಂಡು ಕೇಳುವ ಕೆಲಸ ಈ ಎಳೆದಾಟದಲ್ಲಿ ಎಲ್ಲೂ ಬರಲಿಲ್ಲ.

ಕೇಳುವ ಕ್ರಮವೂ ಒಂದಿದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿ ಹೊರತಂದಿತು. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಒಮ್ಮೆಗೆ ಎಷ್ಟು, ಹಿಂದಿನ ರಾತ್ರಿ ನಡೆದದ್ದು ನೆನಪಾಗದ್ದುಂಟೇ ಎಂಬಂಥ ಪ್ರಶ್ನೆಗಳವು. ಎಂಟು ಅಥವಾ ಹೆಚ್ಚು ಅಂಕ ಬಂದರೆ ಎಚ್ಚರಿಕೆಯ ಗಂಟೆ. ಗೋವಾದಲ್ಲಿ ‘ಸಂಗಾತ್’ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯರಿಗೇ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಪಾಯಕರವಾಗಿ ಕುಡಿಯುವ ಪುರುಷರೊಂದಿಗೆ ನಾಲ್ಕು ಭೇಟಿಗಳವರೆಗೆ ಮಾತನಾಡಿಸಿತು. 2017ರಲ್ಲಿ ಪ್ರಕಟವಾದ ವರದಿಯಂತೆ, ಮೂರು ತಿಂಗಳಲ್ಲಿ ಅವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಗೆರೆಯಿಂದ ಕೆಳಗಿಳಿದಿದ್ದರು. ಮಾಮೂಲಿ ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ 26. ಅದು ಸಲಿಂಗಿಗಳಿಗೆಂದೇ ಮಾಡಿದ್ದಲ್ಲ, ಆದರೆ ವಿಧಾನ ಅವರಿಗೂ ಸಲ್ಲುತ್ತದೆ. ಕೇಳುವವನು ಪೊಲೀಸನಂತೆಯೂ ಸ್ವಾಮಿಯಂತೆಯೂ ಕೇಳಬಾರದು, ಅಷ್ಟೆ.

ಈಗಾಗಲೇ ಸೋಂಕು ತಗುಲಿದವರ ವಿಷಯದಲ್ಲಿ ಇನ್ನೊಂದು ಎಡವಟ್ಟು ಇದೆ. ದೇಶದಲ್ಲಿ 2004ರಿಂದ ಎಆರ್‌ಟಿ ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕುಡಿದ ದಿನ ಮಾತ್ರೆ ನುಂಗಿದರೆ ವಿಷವಾದೀತು ಎಂದು ನಂಬಿ ಅಂದಿನ ಮಾತ್ರೆ ಬಿಡುವವರಿದ್ದಾರೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಇದಕ್ಕೆ ಬೇರು ಹಲವು ಸಲ ಆಸ್ಪತ್ರೆಯಲ್ಲಿ ಕೇಳಿದ ‘ಕುಡಿಯಲೇಬಾರದು’ ಎಂಬ ಗದರಿಕೆ. ಮಾತ್ರೆ ತಪ್ಪಿದಷ್ಟೂ ವೈರಾಣುವಿಗೆ ಬಲ. ಆದ್ದರಿಂದಲೇ ತಿಳಿದ ಆಪ್ತಸಮಾಲೋಚಕರು ಕುಡಿತ ಕಡಿಮೆ ಮಾಡಿ ಎನ್ನುವುದರ ಜೊತೆಗೆ, ಕುಡಿದ ದಿನವೂ ಮಾತ್ರೆ ಬಿಡಬೇಡಿ ಎಂದು ಒತ್ತಿ ಹೇಳುತ್ತಾರೆ. ಊರಿನ ಆಸ್ಪತ್ರೆಗೆ ಹೋಗಲು ಅಂಜುವವರು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 1097 ಉಚಿತ ದೂರವಾಣಿಗೆ ಕರೆ ಮಾಡಿ ಹೆಸರು ಹೇಳದೆಯೇ ವಿಚಾರಿಸಬಹುದು.