ಪೈಪ್ ಗ್ಯಾಸ್ ಬಿಲ್ಲಿನ ಲೆಕ್ಕ: ಘನ ಮೀಟರ್, ಕಿಲೋ ಮತ್ತು ಶಾಖ



ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದು ಕಾಸರಗೋಡು ಜಿಲ್ಲೆಯನ್ನು ಹಾದುಹೋಗುತ್ತದೆ. ಗಡಿಯ ಬೇರೆ ಊರುಗಳಲ್ಲೂ ಪೈಪ್ ಗ್ಯಾಸಿನ ಮಾತು ನಡೆದಿದೆ. ಅದರ ಜೊತೆಗೆ ಹೊಸ ಬಗೆಯ ಬಿಲ್ಲೂ ಬರುತ್ತದೆ.

ಇತ್ತೀಚೆಗೆ ಹಿರಿಯ ಸದಸ್ಯರೊಬ್ಬರು ಬಿಲ್ಲು ಹಿಡಿದು ಸಂಘಕ್ಕೆ ಬಂದರು. "ಎರಡು ತಿಂಗಳಿಗೆ ಒಂದು ಸಿಲಿಂಡರ್, 14.2 ಕಿಲೋ ಸಾಕಾಗುತ್ತಿತ್ತು. ಈಗ 18 ಎಂದು ಬರೆದಿದ್ದಾರೆ. ಇದು ಮೋಸವಲ್ಲವೇ?" ಎಂದರು. ಬಿಲ್ಲು ಕನ್ನಡದಲ್ಲಿರಲಿಲ್ಲ. ನಾವೂ ಅರ್ಜಿ ಬರೆಯಲು ಕಾಗದ ತೆಗೆದಿದ್ದೆವು. ಲೆಕ್ಕ ಹಾಕಿದ ಮೇಲೆ ಅರ್ಜಿ ಬೇಕಾಗಲಿಲ್ಲ. ಆ ಲೆಕ್ಕವನ್ನು ಎಲ್ಲರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ.

ಅಳತೆಗಳು

- ಎಸ್.ಸಿ.ಎಂ.: 15 ಡಿಗ್ರಿ ಸೆಲ್ಸಿಯಸ್ ಮತ್ತು 1.01325 ಬಾರ್ ಒತ್ತಡದಲ್ಲಿ ಒಂದು ಘನ ಮೀಟರ್ ಅನಿಲ. ಇದು 1,000 ಲೀಟರ್, ಅಂದರೆ ಸುಮಾರು 35.3 ಘನ ಅಡಿ.
- ಕಿಲೋ ಕ್ಯಾಲೊರಿ: ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖ.
- ಕರೆಂಟಿನ 1 ಯೂನಿಟ್: 860 ಕಿಲೋ ಕ್ಯಾಲೊರಿ, ಅಂದರೆ 3.6 ಮೆಗಾ ಜೌಲ್.
- ಎಂ.ಎಂ.ಬಿ.ಟಿ.ಯು.: ಹತ್ತು ಲಕ್ಷ ಬಿ.ಟಿ.ಯು. ಇದು ಸುಮಾರು 2,52,000 ಕಿಲೋ ಕ್ಯಾಲೊರಿ ಅಥವಾ 293 ಯೂನಿಟ್. ಪತ್ರಿಕೆಗಳಲ್ಲಿ ಬರುವ ಡಾಲರ್ ಲೆಕ್ಕದ ಅನಿಲ ದರ ಇದಕ್ಕೇ.

ಲೆಕ್ಕದ ಕ್ರಮ

ಘನ ಮೀಟರ್ ಜಾಗದ ಅಳತೆ, ಕಿಲೋ ತೂಕದ ಅಳತೆ. ಎರಡನ್ನೂ ಹೋಲಿಸಬೇಕಾದರೆ ಶಾಖಕ್ಕೆ ಇಳಿಸಬೇಕು. ಅದಕ್ಕೆ ಬೇಕಾದ ಅಂಕಿ ಜಿ.ಸಿ.ವಿ., ಅಂದರೆ ಅನಿಲದ ಒಟ್ಟು ಶಾಖಮೌಲ್ಯ. ಪೈಪಿನ ಅನಿಲಕ್ಕೆ ಇದು ಸಾಮಾನ್ಯವಾಗಿ ಒಂದು ಎಸ್.ಸಿ.ಎಂ.ಗೆ 9,000ದಿಂದ 10,000 ಕಿಲೋ ಕ್ಯಾಲೊರಿ. ಇಲ್ಲಿ 9,500 ಹಿಡಿಯೋಣ.

- 18 × 9,500 = 1,71,000 ಕಿಲೋ ಕ್ಯಾಲೊರಿ
- 1,71,000 ÷ 860 = ಸುಮಾರು 199 ಯೂನಿಟ್
- 1,71,000 ÷ 2,52,000 = ಸುಮಾರು 0.68 ಎಂ.ಎಂ.ಬಿ.ಟಿ.ಯು.

ಸಿಲಿಂಡರಿನ ಎಲ್.ಪಿ.ಜಿ.ಗೆ ಕಿಲೋ ಒಂದಕ್ಕೆ ಸುಮಾರು 11,900 ಕಿಲೋ ಕ್ಯಾಲೊರಿ. 14.2 × 11,900 = ಸುಮಾರು 1,69,000. ಎರಡೂ ಹೆಚ್ಚುಕಡಿಮೆ ಒಂದೇ! ಹಿರಿಯರ ಬಿಲ್ಲು ಸರಿಯಾಗಿತ್ತು. ಒಂದು ಸಿಲಿಂಡರ್ ಎಂದರೆ ಸುಮಾರು 18 ಎಸ್.ಸಿ.ಎಂ. ಎಂದು ನೆನಪಿಟ್ಟರೆ ಸಾಕು.

ಗಮನಿಸಬೇಕಾದ ಮೂರು ವಿಷಯ

1. ಶಾಖಮೌಲ್ಯ ಬದಲಾದರೆ ಫಲವೂ ಬದಲಾಗುತ್ತದೆ. 1 ಎಂ.ಎಂ.ಬಿ.ಟಿ.ಯು.ಗೆ 9,000ದ ಅನಿಲ 28 ಎಸ್.ಸಿ.ಎಂ. ಬೇಕು, 9,500ರದ್ದು 26.5, 10,000ದ್ದು 25.2.

2. ಎನ್.ಸಿ.ವಿ. ಎಂಬ ಇನ್ನೊಂದು ಅಂಕಿಯಿದೆ. ಉರಿದಾಗ ಹುಟ್ಟುವ ನೀರಾವಿಯಲ್ಲಿರುವ ಶಾಖವನ್ನು ಇದರಲ್ಲಿ ಬಿಟ್ಟಿರುತ್ತಾರೆ. ಪೈಪಿನ ಅನಿಲಕ್ಕೆ ಇದು ಜಿ.ಸಿ.ವಿ.ಗಿಂತ ಸುಮಾರು ಶೇ. 10 ಕಡಿಮೆ. ಒಂದು ಕಡೆ ಜಿ.ಸಿ.ವಿ., ಇನ್ನೊಂದು ಕಡೆ ಎನ್.ಸಿ.ವಿ. ಹಿಡಿದು ಹೋಲಿಸಬಾರದು.

3. ಅನಿಲ ಬಿಸಿಯಾದರೆ ಹಿಗ್ಗುತ್ತದೆ. 30 ಡಿಗ್ರಿ ಸೆಕೆಯಲ್ಲಿ ಮೀಟರ್ 20 ತೋರಿಸಿದರೆ, 15 ಡಿಗ್ರಿಯ ಲೆಕ್ಕದಲ್ಲಿ ಅದು ಸುಮಾರು 19. ಎತ್ತರದ ಊರುಗಳಲ್ಲಿ ವಾಯು ಒತ್ತಡ ಕಡಿಮೆ. ಹಾಗಾಗಿ ಹೊಸೂರು, ನೀಲಗಿರಿಯಂಥ ಕಡೆ ಈ ವ್ಯತ್ಯಾಸ ಇನ್ನೂ ಹೆಚ್ಚು. ಬಿಲ್ಲಿನಲ್ಲಿ ತಿದ್ದುಪಡಿಯ ಅಂಕಿ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ಗ್ಯಾಸ್ ಒಲೆಯ ಶಾಖದಲ್ಲಿ ಸಾಕಷ್ಟು ಭಾಗ ಪಾತ್ರೆಗೆ ತಾಗದೆ ಪೋಲಾಗುತ್ತದೆ. ಆದ್ದರಿಂದ ಮೇಲಿನ ಯೂನಿಟ್ ಲೆಕ್ಕದಿಂದ ಇಂಡಕ್ಷನ್ ಒಲೆಯ ಖರ್ಚನ್ನು ನೇರವಾಗಿ ಅಳೆಯಲಾಗದು.

ಲೆಕ್ಕ ತಪ್ಪಿದ್ದಾಗ

ಇದೇ ಲೆಕ್ಕ ಇನ್ನೊಂದು ಮನೆಗೆ ನೆರವಾಯಿತು. ಇಬ್ಬರೇ ಇರುವ ಆ ಮನೆಗೆ ಎರಡು ತಿಂಗಳಿಗೆ 54 ಎಸ್.ಸಿ.ಎಂ. ಬಂದಿತ್ತು, ಅಂದರೆ ಮೂರು ಸಿಲಿಂಡರ್. ಮೀಟರ್ ನೋಡದೆ ಅಂದಾಜಿನಲ್ಲಿ ಬರೆದ ಬಿಲ್ಲು ಅದು. ಮೀಟರಿನ ಫೋಟೊ ಇಟ್ಟು ಅರ್ಜಿ ಬರೆದೆವು, ಮುಂದಿನ ಬಿಲ್ಲಿನಲ್ಲಿ ಸರಿಪಡಿಸಿದರು.

ಭಾಷೆ ತಿಳಿಯದೆಂದು ಯಾರೂ ಸುಮ್ಮನೆ ಹಣ ಕಟ್ಟಬೇಡಿ, ಲೆಕ್ಕ ನೋಡದೆ ಜಗಳಕ್ಕೂ ಹೋಗಬೇಡಿ. ಸಂಶಯವಿದ್ದವರು ಹಿಂದಿನ ಎರಡು ಬಿಲ್ಲು ಮತ್ತು ಮೀಟರಿನ ಫೋಟೊ ಸಹಿತ ಮಾಸಿಕ ಸಭೆಗೆ ಬನ್ನಿ. ಕೂತು ನೋಡೋಣ.

– ಕಾರ್ಯದರ್ಶಿ