ಸಾಕ್ಷಿಗಳ ಎಣಿಕೆಯಿಂದ ಸಾಕ್ಷ್ಯದ ಪರೀಕ್ಷೆಗೆ

ಒಂದು ಜಾಲತಾಣವು ಮತ್ತೊಂದಕ್ಕೆ ಕೊಡುವ ಕೊಂಡಿಯನ್ನು ನಾವು ದಾರಿ ತೋರುವ ಕೈಮರವೆಂದಷ್ಟೇ ಭಾವಿಸುತ್ತೇವೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅದನ್ನು ಸಾಕ್ಷ್ಯವೆಂದು ಓದಿದರು. ಹಲವು ವಿದ್ವಾಂಸರು ಉಲ್ಲೇಖಿಸಿದ ಪ್ರಬಂಧಕ್ಕೆ ಮನ್ನಣೆ ಹೆಚ್ಚುವಂತೆ, ಹಲವು ಪುಟಗಳಿಂದ, ಅದರಲ್ಲೂ ಗಣ್ಯ ಪುಟಗಳಿಂದ, ಕೊಂಡಿ ಪಡೆದ ಪುಟವು ಹುಡುಕಾಟದಲ್ಲಿ ಮುಂದೆ ಬರಬೇಕೆಂಬುದು ಅವರ ‘ಪೇಜ್‌ರ‍್ಯಾಂಕ್’ ಸೂತ್ರದ ತಿರುಳು.

ಸಾಕ್ಷ್ಯಕ್ಕೆ ಬೆಲೆ ಬಂದೊಡನೆ ಕೂಲಿ ಸಾಕ್ಷಿಗಳೂ ಹುಟ್ಟಿಕೊಂಡರು. ಪರಸ್ಪರ ಕೊಂಡಿ ಕೊಡುವುದಕ್ಕೆಂದೇ ಸಾಲುಸಾಲು ತಾಣಗಳು ಎದ್ದವು. ಕೊಂಡಿಗಳ ಮಾರಾಟವೇ ಒಂದು ವ್ಯಾಪಾರವಾಯಿತು.

ಇದಕ್ಕೆ ಮದ್ದಿನ ಸುಳಿವು ಅದೇ 1998ರಲ್ಲಿ ದೊರೆತಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಕೃಷ್ಣ ಭರತ್ ಮತ್ತು ಅವರ ಸಹೋದ್ಯೋಗಿ ಮೋನಿಕಾ ಹೆನ್ಜಿಂಗರ್ ಸರಳವಾದ ನ್ಯಾಯವೊಂದನ್ನು ಮುಂದಿಟ್ಟರು: ಒಂದೇ ತಾಣದ ಹತ್ತು ಪುಟಗಳು ಹೊರಗಿನ ಒಂದೇ ಪುಟವನ್ನು ಹೊಗಳಿದರೆ, ಪ್ರತಿಯೊಂದಕ್ಕೂ ಹತ್ತರಲ್ಲೊಂದು ಪಾಲು ತೂಕ ಮಾತ್ರ. ಅಂದರೆ ಮನೆಗೊಂದೇ ಮತ. ಬಳಿಕ ಭರತ್ ಅವರು ಜಾರ್ಜ್ ಮಿಹೈಲಾ ಅವರೊಡನೆ ರೂಪಿಸಿದ ‘ಹಿಲ್‌ಟಾಪ್’ ವಿಧಾನವು, ಐಪಿ ವಿಳಾಸದ ಮೊದಲ ಮೂರು ಭಾಗಗಳು ಒಂದೇ ಆಗಿದ್ದ ತಾಣಗಳನ್ನು ಒಂದೇ ಮನೆತನದವೆಂದು ಎಣಿಸಿತು.

2004ರಲ್ಲಿ ಎರಡು ಹೊಸ ದಾರಿಗಳು ತೆರೆದವು. ‘ಟ್ರಸ್ಟ್‌ರ‍್ಯಾಂಕ್’ ವಿಧಾನವು ಮನುಷ್ಯರೇ ಪರಿಶೀಲಿಸಿದ ಕೆಲವು ತಾಣಗಳಿಂದ ಹೊರಟು, ದೂರ ಹೆಚ್ಚಿದಂತೆ ನಂಬಿಕೆಯನ್ನು ತಗ್ಗಿಸುತ್ತ ಹೋಯಿತು. ಇನ್ನೊಂದು ಅಧ್ಯಯನವು ಅಂಕಿ-ಅಂಶದ ಮೊರೆಹೊಕ್ಕಿತು. ಸಹಜವಾಗಿ ಬೆಳೆದ ಜಾಲದಲ್ಲಿ ಕೆಲವೇ ಪುಟಗಳಿಗೆ ಅಪಾರ ಕೊಂಡಿಗಳು, ಉಳಿದ ಅಸಂಖ್ಯಕ್ಕೆ ಬೆರಳೆಣಿಕೆಯಷ್ಟು. ಸಾವಿರಾರು ಪುಟಗಳಿಗೆ ದೊಡ್ಡದೊಂದೇ ಸಂಖ್ಯೆಯ ಕೊಂಡಿಗಳಿದ್ದರೆ ಅಲ್ಲಿ ಯಂತ್ರದ ಕೈವಾಡ ಶಂಕಿಸಬೇಕು.

2012ರ ಏಪ್ರಿಲ್ 24ರಂದು ಗೂಗಲ್ ‘ಪೆಂಗ್ವಿನ್’ ಎಂಬ ಮಾರ್ಪಾಡನ್ನು ಜಾರಿಗೆ ತಂದಾಗ ಇಂಗ್ಲಿಷಿನ ಸುಮಾರು 3.1 ಶೇಕಡಾ ಹುಡುಕಾಟಗಳ ಫಲಿತಾಂಶ ಬದಲಾಯಿತು. ಅದೇ ಅಕ್ಟೋಬರಿನಲ್ಲಿ, ಅನ್ಯರು ಕೊಟ್ಟ ಕೊಂಡಿಯನ್ನು ‘ಇದು ನನಗೆ ಬೇಡ’ ಎಂದು ನಿರಾಕರಿಸುವ ಸಾಧನವನ್ನೂ ಅದು ಒದಗಿಸಿತು. 2016ರಿಂದ ‘ಪೆಂಗ್ವಿನ್’ ಇಡೀ ತಾಣವನ್ನು ದಂಡಿಸುವ ಬದಲು ಸುಳ್ಳು ಕೊಂಡಿಯ ಬೆಲೆ ಕಳೆಯುವ ಕಡೆ ವಾಲಿತು.

ಈ ಸೌಮ್ಯತೆಗೆ ನಾವು ಬೆಲೆ ಕೊಡಬೇಕು. ಯಂತ್ರಕ್ಕೆ ಕಾಣುವುದು ಕೊಂಡಿಗಳ ಆಕಾರ. ಉದ್ದೇಶವನ್ನು ಅದು ಊಹಿಸಬೇಕು. ಪರಊರಿನ ಕನ್ನಡಿಗರಂಥ ಸಣ್ಣ ಬಳಗದಲ್ಲಿ ಓದುವವರೂ ಬರೆಯುವವರೂ ಬಹುಪಾಲು ಅವರೇ. ಒಬ್ಬರ ಬರಹವನ್ನು ಇನ್ನೊಬ್ಬರು ಹೆಸರಿಸುವುದು ಸಹಜ. ದೂರದಿಂದ ನೋಡಿದರೆ ಸ್ನೇಹಕ್ಕೂ ಒಳಸಂಚಿಗೂ ಒಂದೇ ರೂಪ. ಅವೆರಡನ್ನು ಬೇರ್ಪಡಿಸುವುದು ಒಂದೇ: ನಮ್ಮ ಬಳಗದ ಆಚೆಯೂ ಯಾರಾದರೂ ನಮ್ಮನ್ನು ಓದಿ, ತಾವಾಗಿ ಹೆಸರಿಸುತ್ತಾರೆಯೇ ಎಂಬುದು.