ಗಾಲಿಯಿಂದ ದಫ್ತರಕ್ಕೆ: ‘ರೋಲ್’ ಪದದ ಚರಿತ್ರೆ

ಇಂಗ್ಲಿಷಿನ ‘ರೋಲ್’ ಎಂಬ ಪದಕ್ಕೆ ಉರುಳು, ಹೊರಳು, ಸುತ್ತು, ಸುರುಳಿ ಎಂಬ ಅರ್ಥಗಳಿವೆ. ಹೆಸರುಗಳ ಪಟ್ಟಿಗೂ ಅದೇ ಪದ ಸಲ್ಲುತ್ತದೆ. ಉರುಳುವ ಚಲನೆಗೂ ತರಗತಿಯ ಹಾಜರಿಪಟ್ಟಿಗೂ ಎತ್ತಣ ಸಂಬಂಧವೆಂಬ ಪ್ರಶ್ನೆ ಇಲ್ಲಿ ಸಹಜ. ಅದರ ಉತ್ತರವು ನಿಘಂಟಿಗಿಂತ ಹೆಚ್ಚಾಗಿ ಆಡಳಿತದ ಇತಿಹಾಸದಲ್ಲಿದೆ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ‘ರೋಟ’, ಅಂದರೆ ಗಾಲಿ. ಅದರ ಅಲ್ಪಾರ್ಥಕ ರೂಪ ‘ರೋಟುಲಸ್’, ಎಂದರೆ ಪುಟ್ಟ ಗಾಲಿ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಸುತ್ತಿಟ್ಟ ಚರ್ಮಪತ್ರದ ಸುರುಳಿಗೂ ಇದೇ ಹೆಸರಾಯಿತು. ಅಲ್ಲಿಂದ ಹಳೆಯ ಫ್ರೆಂಚಿಗೆ ಇಳಿದ ಪದವು, 1066ರ ನಾರ್ಮನ್ ವಿಜಯದ ನಂತರ ಫ್ರೆಂಚ್ ಪ್ರಭಾವಕ್ಕೊಳಗಾದ ಇಂಗ್ಲಿಷನ್ನು 13ನೆಯ ಶತಮಾನದ ವೇಳೆಗೆ ಸೇರಿತು.

ಇಂಗ್ಲೆಂಡಿನ ಅರಸರ ಲೆಕ್ಕಪತ್ರಗಳು ಸುರುಳಿಗಳಲ್ಲಿಯೇ ಇರುತ್ತಿದ್ದವು. ‘ಪೈಪ್ ರೋಲ್’ ಎಂದು ಹೆಸರಾದ ಈ ಕಂದಾಯ ದಾಖಲೆಗಳಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯದು 1130ರದು. 12ನೆಯ ಶತಮಾನದ ಉತ್ತರಾರ್ಧದಲ್ಲಿ ರಿಚರ್ಡ್ ಫಿಟ್ಜ್‌ನೀಲ್ ಎಂಬ ಖಜಾಂಚಿಯು ಅಂದಿನ ಖಜಾನೆಯ ಕಾರ್ಯವಿಧಾನವನ್ನು ಸಂವಾದರೂಪದಲ್ಲಿ ಬರೆದಿಟ್ಟಿದ್ದಾನೆ. ಕುರಿಯ ಚರ್ಮದ ಮೇಲೆ ಬರೆದುದನ್ನು ಕೆರೆದು ತಿದ್ದಿದರೆ ಗುರುತು ಉಳಿಯುವುದರಿಂದ ಲೆಕ್ಕಕ್ಕೆ ಅದನ್ನೇ ಬಳಸುತ್ತಿದ್ದರೆಂದೂ, ಖಜಾಂಚಿಯ ಸುರುಳಿಯನ್ನು ನೋಡಿ ಮತ್ತೊಬ್ಬ ಲಿಪಿಕಾರನು ಇನ್ನೊಂದು ಸುರುಳಿಯನ್ನು ಸಿದ್ಧಪಡಿಸುತ್ತಿದ್ದನೆಂದೂ ಅದರಿಂದ ತಿಳಿದುಬರುತ್ತದೆ.

ಹೀಗೆ ತಾಳೆ ನೋಡಲೆಂದು ಇರಿಸುವ ಪ್ರತಿ-ಸುರುಳಿಗೆ ಫ್ರೆಂಚಿನಲ್ಲಿ ‘ಕಾಂತ್ರ್‌ರೋಲ್’ ಎಂದು ಹೆಸರು. ಇದೇ ಇಂದಿನ ‘ಕಂಟ್ರೋಲ್’ ಪದದ ಮೂಲ. ಅಧಿಕಾರ, ಹತೋಟಿ ಎಂಬ ಅರ್ಥಗಳು ತರುವಾಯದವು. ಒಂದು ಲೆಕ್ಕವನ್ನು ಮತ್ತೊಂದರಿಂದ ಪರಿಶೀಲಿಸುವುದೇ ಮೊದಲಿನ ಅರ್ಥ. ಫ್ರಾನ್ಸಿನಲ್ಲಿ ನಟನ ಮಾತುಗಳನ್ನು ಬರೆದುಕೊಟ್ಟ ಸುರುಳಿಯೂ ‘ರೋಲ್’ ಎನಿಸಿ, ಕ್ರಮೇಣ ಅವನು ಅಭಿನಯಿಸುವ ಪಾತ್ರಕ್ಕೇ ಆ ಹೆಸರು ನಿಂತಿತು. 17ನೆಯ ಶತಮಾನದ ಆರಂಭದಲ್ಲಿ ಅದು ಬೇರೆ ಕಾಗುಣಿತದೊಡನೆ ಮತ್ತೊಮ್ಮೆ ಇಂಗ್ಲಿಷಿಗೆ ಬಂದಿತು.

ಕನ್ನಡದ ಅಭ್ಯಾಸಿಗಳು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ‘ರೋಲ್’ ಮತ್ತು ‘ಉರುಳ್’ ಪದಗಳ ಧ್ವನಿಸಾಮ್ಯ, ಅರ್ಥಸಾಮ್ಯಗಳನ್ನು ಕಂಡು ಅವೆರಡೂ ಒಂದೇ ಮೂಲದವೆಂದು ಹೇಳುವ ಆಸೆ ಹುಟ್ಟುವುದುಂಟು. ಆದರೆ ‘ಉರುಳ್’ ತಮಿಳು, ಮಲಯಾಳಗಳಲ್ಲಿಯೂ ಇರುವ ಅಚ್ಚ ದ್ರಾವಿಡ ಧಾತು. ‘ರೋಲ್’ ಪದದಲ್ಲಿನ ಲಕಾರವಾದರೋ ಲ್ಯಾಟಿನ್ನಿನ ಅಲ್ಪಾರ್ಥಕ ಪ್ರತ್ಯಯದಿಂದ ಬಂದುದು, ಧಾತುವಿಗೆ ಸೇರಿದ್ದಲ್ಲ. ಆದ್ದರಿಂದ ಈ ಸಾಮ್ಯ ಕೇವಲ ಆಕಸ್ಮಿಕ. ಇದಕ್ಕೆ ವ್ಯತಿರಿಕ್ತವಾಗಿ, ಕಿವಿಗೆ ದೂರವೆನಿಸುವ ಸಂಸ್ಕೃತದ ‘ರಥ’ವೇ ‘ರೋಟ’ದ ನಿಜವಾದ ಬಂಧು, ಜರ್ಮನ್ ಭಾಷೆಯಲ್ಲಿ ಗಾಲಿಗಿರುವ ‘ರಾಡ್’ ಪದವೂ ಅದೇ ಇಂಡೋ-ಯುರೋಪಿಯನ್ ಕುಲದ್ದು. ಭಾಷಾಶಾಸ್ತ್ರದಲ್ಲಿ ಬಂಧುತ್ವವನ್ನು ನಿರ್ಣಯಿಸುವುದು ಕ್ರಮಬದ್ಧ ಧ್ವನಿಪರಿವರ್ತನೆಯೇ ಹೊರತು ಮೇಲುನೋಟದ ಹೋಲಿಕೆಯಲ್ಲ.

ಮತ್ತೊಂದು ಸ್ವಾರಸ್ಯವೂ ಉಂಟು. ‘ಕಂಟ್ರೋಲ್’ ಪದಕ್ಕೆ ನಾವು ‘ನಿಯಂತ್ರಣ’ ಎನ್ನುತ್ತೇವೆ. ಅಮರಕೋಶವು ಸಾರಥಿಯ ಪರ್ಯಾಯಪದಗಳಲ್ಲಿ ‘ನಿಯಂತೃ’ವನ್ನೂ ಹೇಳುತ್ತದೆ. ಎರಡು ಪದಗಳ ಹಿನ್ನೆಲೆಯಲ್ಲಿಯೂ ಗಾಲಿಯಿದೆ, ಆದರೆ ದಾರಿಗಳು ಭಿನ್ನ. ನಿಯಂತ್ರಣವು ಕಡಿವಾಣ ಹಿಡಿದವನ ಕೈಯನ್ನು ನೆನಪಿಸಿದರೆ, ಕಂಟ್ರೋಲ್ ಲೆಕ್ಕವನ್ನು ತಾಳೆ ನೋಡುವವನ ಕಣ್ಣನ್ನು ನೆನಪಿಸುತ್ತದೆ. ಕನ್ನಡದ ‘ಕಡತ’ವೂ ಇಂಥದೇ ನಿದರ್ಶನ: ಕರಿಯ ಲೇಪ ಬಳಿದು ಮಡಿಸಿಡುತ್ತಿದ್ದ ಬಟ್ಟೆಯ ಲೆಕ್ಕಪುಸ್ತಕದ ಹೆಸರು ಇಂದು ಕಚೇರಿಯ ಫೈಲಿಗೆ ಸಂದಿದೆ. ಬಟ್ಟೆ ಮರೆಯಾಯಿತು, ಚರ್ಮದ ಸುರುಳಿಯೂ ಮರೆಯಾಯಿತು. ಬರೆಹದ ಸಾಧನಗಳು ಅಳಿದರೂ ಅವುಗಳ ಹೆಸರುಗಳು ಆಡಳಿತದ ನುಡಿಯಲ್ಲಿ ಉಳಿದಿವೆ. ಪದಗಳ ಚರಿತ್ರೆಯನ್ನು ಅರಸುವವರು ನಿಘಂಟುಗಳ ಜೊತೆಗೆ ಹಳೆಯ ದಫ್ತರಗಳನ್ನೂ ಬಿಚ್ಚಿ ನೋಡಬೇಕಾದುದು ಈ ಕಾರಣಕ್ಕಾಗಿಯೇ.